ದೂರದರ್ಶನದ ರಾಮಾಯಣವೂ ಕನ್ನಡದ ನಾಗಚಂದ್ರನೂ

ರಾಮಕಥೆಯನ್ನು ಕೇಳದ ಕಿವಿಯು ನಮ್ಮ ನಾಡಿನಲ್ಲಿ ದುರ್ಲಭವೆಂದರೆ ಅತಿಶಯೋಕ್ತಿಯಾಗಲಾರದು. ಗುಡಿಯ ಕಟ್ಟೆಯ ಮೇಲೆ ಪುರಾಣಿಕರು, ಬಯಲಿನಲ್ಲಿ ಆಟದವರು, ಬೀಸುವ ಕಲ್ಲಿನ ಮುಂದೆ ತಾಯಂದಿರು ಅದನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿಕೊಂಡು ಬಂದಿರುತ್ತಾರೆ. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇವರೊಡನೆ ಒಬ್ಬ ಹೊಸ ಪುರಾಣಿಕನು ಬಂದು ಸೇರಿದನು. ಅವನೇ ದೂರದರ್ಶನ. ರಮಾನಂದ ಸಾಗರರು ನಿರ್ಮಿಸಿ ನಿರ್ದೇಶಿಸಿದ ‘ರಾಮಾಯಣ’ವೆಂಬ ಹಿಂದೀ ಧಾರಾವಾಹಿಯು 1987ನೆಯ ಜನವರಿ 25ರಂದು ಆರಂಭವಾಗಿ 1988ನೆಯ ಜುಲೈ 31ರಂದು ಮುಗಿಯಿತು. ಅದೇ ಧಾರಾವಾಹಿಯು ಮೂರು ದಶಕಗಳಿಗೂ ಮಿಕ್ಕ ಕಾಲದ ತರುವಾಯ, 2020ನೆಯ ಮಾರ್ಚ್ 28ರಿಂದ, ಮರಳಿ ಪ್ರಸಾರವಾಯಿತು. ಒಂದೇ ಕೃತಿಯು ಹೀಗೆ ಎರಡು ತಲೆಮಾರುಗಳ ಮುಂದೆ ಬಂದು ನಿಂತಾಗ ವಿದ್ವಾಂಸರೂ ಸಾಮಾನ್ಯ ಜನರೂ ಅದನ್ನು ಹೇಗೆ ಬರಮಾಡಿಕೊಂಡರೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಆ ವಿಚಾರದೊಳಗೆ ಕನ್ನಡಿಗರಾದ ನಮಗೇ ವಿಶೇಷವಾಗಿ ಸಂಬಂಧಿಸಿದ ಸಂಗತಿಯೊಂದು ಅಡಗಿದ್ದು, ಅದರ ಕಡೆಗೆ ವಾಚಕರ ಗಮನವನ್ನು ಸೆಳೆಯಬೇಕೆಂಬುದೇ ನನ್ನ ಮುಖ್ಯ ಆಶಯ.

ಮೊದಲು ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುವುದುಚಿತ. ದೂರದರ್ಶನವು ಕರ್ನಾಟಕಕ್ಕೆ ರಾಜಧಾನಿಯ ಮಾರ್ಗವಾಗಿ ಬಂದುದಲ್ಲ. ನಮ್ಮ ಕಡೆಯಿಂದಲೇ ಬಂದಿತು. 1975ನೆಯ ಆಗಸ್ಟಿನಿಂದ ಒಂದು ವರ್ಷದ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಬೋಧಪ್ರದ ಕಾರ್ಯಕ್ರಮಗಳನ್ನು ತೋರಿಸುವ ಪ್ರಯೋಗವೊಂದು ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ದವು ಕಲಬುರ್ಗಿ, ವಿಜಯಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು. 1977ರಲ್ಲಿ ಕಲಬುರ್ಗಿಯಲ್ಲಿ ಪ್ರಸಾರಕೇಂದ್ರವು ಸ್ಥಾಪಿತವಾಯಿತು. ಬೆಂಗಳೂರಿಗೆ ಆ ಭಾಗ್ಯವು ಬಂದುದು 1981ರಲ್ಲಿ. ಬೇಸಾಯ, ಆರೋಗ್ಯ, ಅಕ್ಷರಾಭ್ಯಾಸ ಇವುಗಳನ್ನು ಕಲಿಸುವುದಕ್ಕೆಂದು ಹುಟ್ಟಿದ ಈ ಯಂತ್ರವು ಕಥೆ ಹೇಳುವ ಯಂತ್ರವಾದುದು 1984ರಲ್ಲಿ ‘ಹಮ್ ಲೋಗ್’ ಎಂಬ ಧಾರಾವಾಹಿಯು ಆರಂಭವಾದ ಮೇಲೆ. ಮನೋಹರ ಶ್ಯಾಮ ಜೋಶಿಯವರು ಬರೆದ ಆ ಕೌಟುಂಬಿಕ ಕಥೆಯು ಉಪದೇಶವನ್ನು ಕಥೆಯೊಳಗೆ ಬೆರಸಿ ಕೊಡುವ ಮೆಕ್ಸಿಕೋ ದೇಶದ ಪದ್ಧತಿಯನ್ನು ಅನುಸರಿಸಿದ್ದಿತು. ನಾಳೆ ಏನಾಗುವುದೋ ಎಂಬ ಕುತೂಹಲದಲ್ಲಿ ಕೇಳುಗನನ್ನು ಬಿಟ್ಟು ಗ್ರಂಥವನ್ನು ಕಟ್ಟಿಡುವ ಉಪಾಯವು ನಮ್ಮ ಪುರಾಣಿಕರಿಗೆ ಹೊಸದಲ್ಲವಷ್ಟೆ. ಆದುದರಿಂದ ಆ ರೂಪವು ಜನರ ಮನಸ್ಸಿಗೆ ಬೇಗನೆ ಹಿಡಿಸಿತು. ‘ರಾಮಾಯಣ’ವು ಅದೇ ರೂಪವನ್ನು ತೊಟ್ಟುಕೊಂಡು ಬಂದಿತು.

1987ರ ಆ ರವಿವಾರಗಳ ಪ್ರಾತಃಕಾಲವನ್ನು ಕಂಡವರು ಮರೆಯಲಾರರು. ಭಾಲ್ಕಿಯಲ್ಲಿ ನಾನು ಆಗ ಹೊಸದಾಗಿ ಶಾಲೆಗೆ ಸೇರಿದ ಉಪಾಧ್ಯಾಯನು. ನಮ್ಮ ಓಣಿಗೆಲ್ಲ ಒಂದೇ ಒಂದು ಪೆಟ್ಟಿಗೆ. ಒಂಬತ್ತೂವರೆಗೆ ಮುಂಚೆಯೇ ಮಾಳಿಗೆಯ ಮೇಲೊಬ್ಬನು ಆಂಟೆನಾದ ಕೊಳವೆಯನ್ನು ತಿರುಗಿಸುತ್ತ ನಿಲ್ಲುವನು. ಪಡಸಾಲೆಯಲ್ಲಿ ಚಾಪೆಗಳು ಹಾಸಲ್ಪಡುವುವು. ಪೆಟ್ಟಿಗೆಗೆ ಕುಂಕುಮವನ್ನೇರಿಸಿ ಊದುಬತ್ತಿ ಹಚ್ಚುವವರೂ ಇದ್ದರು. ಅಲ್ಲಿ ಕುಳಿತವರ ಭಾಷೆಗಳನ್ನು ನೆನೆದರೆ ಈಗಲೂ ಆಶ್ಚರ್ಯವೆನಿಸುವುದು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯ ಹಿರಿಯರು ಶಾಲೆಯಲ್ಲಿ ಓದಿದುದು ಉರ್ದು; ಔರಾದಿನ ಕಡೆಯಿಂದ ಬಂದ ಸೊಸೆಯಂದಿರು ಆಡುತ್ತಿದ್ದುದು ಮರಾಠಿ; ಬೀದರಿನ ಪೇಟೆಯೊಡನೆ ವ್ಯವಹಾರವಿದ್ದವರಿಗೆ ತೆಲುಗೂ ಬರುತ್ತಿದ್ದಿತು; ಮನೆಯ ಮಾತು ಕನ್ನಡ. ಧಾರಾವಾಹಿಯ ಹಿಂದಿಯಾದರೋ ಸಂಸ್ಕೃತಭೂಯಿಷ್ಠವಾದುದು. ಬಾಜಾರದ ಹಿಂದಿಯು ಚೆನ್ನಾಗಿ ಬರುತ್ತಿದ್ದ ಗಂಡಸರು ಅಲ್ಲಲ್ಲಿ ತಡವರಿಸಿದರೆ, ಹಿಂದಿಯನ್ನರಿಯದ ಮುದುಕಿಯರು ‘ವಚನ’, ‘ವನವಾಸ’, ‘ಧರ್ಮ’, ‘ಆಜ್ಞೆ’ ಎಂಬ ಪರಿಚಿತ ಶಬ್ದಗಳನ್ನು ಹಿಡಿದುಕೊಂಡು ಕಥೆಯನ್ನು ತಪ್ಪದೆ ಹಿಂಬಾಲಿಸುತ್ತಿದ್ದರು.

ಜನರ ಸ್ವಾಗತವು ಹೀಗಿದ್ದರೆ ವಿದ್ವಾಂಸರ ಅಭಿಪ್ರಾಯವು ಬೇರೆ ಬೇರೆಯಾಗಿದ್ದಿತು. ಇಂಗ್ಲಿಷ್ ಪತ್ರಿಕೆಗಳ ಸಮೀಕ್ಷಕರನೇಕರು ಇದರ ಮಂದಗತಿಯನ್ನೂ ತಗಡಿನ ಕಿರೀಟಗಳನ್ನೂ ಆಗಸದಲ್ಲಿ ಢಿಕ್ಕಿ ಹೊಡೆಯುವ ಬಾಣಗಳನ್ನೂ ಕಂಡು ನಕ್ಕರು. ಇತಿಹಾಸಜ್ಞೆಯಾದ ರೊಮಿಲಾ ಥಾಪರರು 1989ರಲ್ಲಿ ‘ಸೆಮಿನಾರ್’ ಪತ್ರಿಕೆಯಲ್ಲಿ ಗಂಭೀರವಾದ ಆಕ್ಷೇಪವನ್ನೆತ್ತಿದರು. ರಾಮಕಥೆಯು ಒಂದಲ್ಲ, ಹಲವು. ಬೌದ್ಧರು, ಜೈನರು, ನಾನಾ ಪ್ರಾಂತಗಳ ಕವಿಗಳು, ಜನಪದರು ತಮ್ಮ ತಮ್ಮ ದೃಷ್ಟಿಯಿಂದ ಅದನ್ನು ಹೇಳಿರುವರು. ಹೀಗಿರುವಲ್ಲಿ ಸರಕಾರದ ಪ್ರಸಾರಯಂತ್ರವು ಒಂದು ಪಾಠವನ್ನೇ ರಾಷ್ಟ್ರದ ಪಾಠವೆಂಬಂತೆ ಮನೆಮನೆಗೆ ಮುಟ್ಟಿಸಿದರೆ ಉಳಿದವುಗಳ ಗತಿಯೇನೆಂಬುದು ಅವರ ಪ್ರಶ್ನೆಯ ಸಾರ. ಇದಕ್ಕೆ ಪ್ರತಿಯಾಗಿ ಅಮೇರಿಕೆಯ ವಿದ್ವಾಂಸ ಫಿಲಿಪ್ ಲುಟ್‌ಗೆಂಡಾರ್ಫರು 1990ರಲ್ಲಿ ಒಂದು ಲೇಖನವನ್ನು ಬರೆದು, ಸಮೀಕ್ಷಕರು ದೋಷವೆಂದ ಮಂದಗತಿಯು ಕಥಾಶ್ರವಣದ ಸಂಪ್ರದಾಯದ್ದೇ ಎಂದೂ, ಪಾತ್ರಗಳ ಮುಖವನ್ನು ಹೊತ್ತುಗಟ್ಟಲೆ ತೋರಿಸುವುದು ದೇವಾಲಯದ ದರ್ಶನಕ್ಕೆ ಸಮಾನವಾದುದೆಂದೂ ಸಮರ್ಥಿಸಿದರು. ಅರವಿಂದ ರಾಜಗೋಪಾಲರು 2001ರಲ್ಲಿ ಒಂದು ಗ್ರಂಥವನ್ನೇ ರಚಿಸಿ ಈ ಪ್ರಸಾರಕ್ಕೂ ಆ ಕಾಲದ ರಾಜಕಾರಣಕ್ಕೂ ಇದ್ದ ಸಂಬಂಧವನ್ನು ಪರಿಶೀಲಿಸಿದರು.

ಇವೆಲ್ಲಕ್ಕಿಂತ ಬಲವಾದ ವಿಮರ್ಶೆಯು ಪಂಡಿತರಿಂದ ಬಂದುದಲ್ಲ. ಮೊದಲು 52 ಕಂತುಗಳೆಂದು ಯೋಚಿಸಿದ್ದ ಧಾರಾವಾಹಿಯು 78ಕ್ಕೆ ಬೆಳೆದು ಪಟ್ಟಾಭಿಷೇಕದೊಡನೆ ಮುಗಿಯಿತಷ್ಟೆ. ಆಗ ಪಂಜಾಬದ ಪೌರಕಾರ್ಮಿಕರು, ವಾಲ್ಮೀಕಿ ಮಹರ್ಷಿಯನ್ನು ಕುಲಗುರುವಾಗಿ ಪೂಜಿಸುವ ಜನರು, ಉತ್ತರಕಾಂಡವನ್ನೂ ತೋರಿಸಬೇಕೆಂದು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ಉತ್ತರಕಾಂಡದಲ್ಲಿಯೇ ಅಲ್ಲವೆ ವಾಲ್ಮೀಕಿಯು ಸೀತೆಗೆ ಆಶ್ರಯವಿತ್ತು ಲವಕುಶರಿಗೆ ಗುರುವಾಗುವುದು! ಸರಕಾರವು ಒಪ್ಪಿತು, 1988ರ ಅಕ್ಟೋಬರದಲ್ಲಿ ಉತ್ತರರಾಮಾಯಣದ ಪ್ರಸಾರವು ಮೊದಲಾಯಿತು. ನಮ್ಮ ಋಷಿಯಿಲ್ಲದೆ ಈ ಕಥೆಯು ಪೂರ್ಣವಲ್ಲವೆಂದು ಹೇಳಿ ಅದನ್ನು ಸಾಧಿಸಿಕೊಂಡ ಆ ಜನರ ಉದಾಹರಣೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇನೆ. ಮುಂದೆ ಅದರ ಪ್ರಯೋಜನವಿದೆ.

ಇನ್ನು 2020ರ ಮಾತು. ಮಹಾಮಾರಿಯ ನಿಮಿತ್ತವಾಗಿ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿಕೊಂಡಿದ್ದಾಗ, ಮೂರೇ ದಿನಗಳಲ್ಲಿ ದೂರದರ್ಶನವು ಹಳೆಯ ‘ರಾಮಾಯಣ’ವನ್ನು ಹೊರತೆಗೆದು ದಿನಂಪ್ರತಿ ಬೆಳಿಗ್ಗೆ ಒಂಬತ್ತಕ್ಕೂ ರಾತ್ರಿ ಒಂಬತ್ತಕ್ಕೂ ತೋರಿಸತೊಡಗಿತು. ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ವೂ ಅದರ ಜೊತೆಗೆ ಬಂದಿತು. ಹಿಂದೆ ರವಿವಾರದ ಬೆಳಗಿನ ಕಾರ್ಯಕ್ರಮವಾಗಿದ್ದುದು ಈಗ ರಾತ್ರಿಯ ಊಟದ ಹೊತ್ತಿನ, ಎಲ್ಲ ವಾಹಿನಿಗಳೂ ಸ್ಪರ್ಧಿಸುವ ಮುಖ್ಯ ಕಾಲದ ಕಾರ್ಯಕ್ರಮವಾಯಿತು. ಏಪ್ರಿಲ್ 16ರ ರಾತ್ರಿ 7.7 ಕೋಟಿ ಜನರು ನೋಡಿದರೆಂದೂ ಇದು ಜಗತ್ತಿನಲ್ಲಿಯೇ ದಾಖಲೆಯೆಂದೂ ದೂರದರ್ಶನವು ಸಾರಿತು. 1983ರಲ್ಲಿ ಅಮೇರಿಕೆಯ ‘ಮ್ಯಾಶ್’ ಎಂಬ ಧಾರಾವಾಹಿಯ ಕಡೆಯ ಕಂತನ್ನು ಹತ್ತು ಕೋಟಿಗೂ ಮಿಕ್ಕ ಜನರು ನೋಡಿದ್ದರೆಂದು ತೋರಿಸಿ, ಈ ದಾಖಲೆಯ ಮಾತು ನಿಲ್ಲುವಂಥದಲ್ಲವೆಂದು ಬಲ್ಲವರು ಕೂಡಲೇ ಆಕ್ಷೇಪಿಸಿದರು. ಲೆಕ್ಕವು ಹೇಗಾದರೂ ಇರಲಿ. ಮರುಪ್ರಸಾರವಾದ ಹಳೆಯ ಕೃತಿಯೊಂದನ್ನು ಇಷ್ಟು ಜನರು ಕುಳಿತು ನೋಡಿದುದು ಅಸಾಮಾನ್ಯವೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಈ ಸಲದ ವಿಮರ್ಶೆಯು ಮೂರು ಬಗೆಯದಾಗಿದ್ದಿತು. ಹೊಸ ತಲೆಮಾರಿನವರು ಯಂತ್ರಕೌಶಲ್ಯದ ಕೊರತೆಗಳನ್ನು ಕಂಡು ವಿನೋದ ಮಾಡಿದರು; ಆದರೂ ಅಜ್ಜ ಅಜ್ಜಿಯರ ಪಕ್ಕದಲ್ಲಿ ಕುಳಿತು ನೋಡಿದರು. ಎರಡನೆಯವರು, ಭಯದ ದಿನಗಳಲ್ಲಿ ಇದು ಮನೆಮಂದಿಗೆ ಧೈರ್ಯವನ್ನೂ ಒಂದು ದಿನಚರಿಯನ್ನೂ ಕೊಟ್ಟಿತೆಂದು ಕೃತಜ್ಞತೆಯಿಂದ ಬರೆದರು. ಮೂರನೆಯವರು ಕಟುವಾದ ಪ್ರಶ್ನೆಯನ್ನು ಕೇಳಿದರು: ಕೂಲಿಕಾರರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ನೂರಾರು ಮೈಲಿ ನಡೆಯುತ್ತಿರುವಾಗ ಉಳಿದವರು ತೆರೆಯ ಮೇಲಿನ ವನವಾಸಕ್ಕೆ ಕಣ್ಣೀರಿಡುವುದು ಯಾವ ನ್ಯಾಯ? ಹೈದರಾಬಾದು, ಪುಣೆ, ಮುಂಬಯಿಗಳಿಗೆ ದುಡಿಯಲು ಹೋದ ಬಂಧುಗಳಿಲ್ಲದ ಮನೆಯು ನಮ್ಮ ಔರಾದ, ಭಾಲ್ಕಿ ತಾಲೂಕುಗಳಲ್ಲಿ ವಿರಳ. ಆದುದರಿಂದ ಈ ಪ್ರಶ್ನೆಯು ನಮ್ಮ ಪಡಸಾಲೆಗಳಲ್ಲಿ ಪತ್ರಿಕೆಯ ಪ್ರಶ್ನೆಯಾಗಿರಲಿಲ್ಲ. ರಾತ್ರಿಯ ಕಂತು ಮುಗಿಯುತ್ತಲೇ ದಾರಿಯಲ್ಲಿರುವ ಮಗನಿಗೋ ಅಳಿಯನಿಗೋ ಫೋನು ಹಚ್ಚುವುದು ಹಲವು ಮನೆಗಳಲ್ಲಿ ವಾಡಿಕೆಯಾಗಿದ್ದಿತು.

ಈ ಮೂರು ಬಗೆಯ ವಿಮರ್ಶೆಗಳಲ್ಲಿಯೂ ಸತ್ಯಾಂಶವಿದೆ. ಆದರೆ ನಾನು ಓದಿದವುಗಳಲ್ಲಿ ಒಂದರಲ್ಲಿಯೂ ಕಾಣದ ವಿಷಯವೊಂದು ನನಗೆ ಆಕಸ್ಮಿಕವಾಗಿ ಎದುರಾಯಿತು. ಧಾರಾವಾಹಿಯ ಆರಂಭದಲ್ಲಿ ಆಧಾರಗ್ರಂಥಗಳ ಪಟ್ಟಿಯೊಂದು ತೆರೆಯ ಮೇಲೆ ಬರುತ್ತದೆ. 1987ರಲ್ಲಿ ಅದನ್ನು ಓದುವ ವ್ಯವಧಾನವಾರಿಗಿದ್ದಿತು? 2020ರಲ್ಲಿ ನನ್ನ ಮೊಮ್ಮಗಳು ಅದನ್ನು ಗಟ್ಟಿಯಾಗಿ ಓದಿದಳು. ವಾಲ್ಮೀಕಿರಾಮಾಯಣ, ತುಳಸೀದಾಸರ ರಾಮಚರಿತಮಾನಸ, ತಮಿಳಿನ ಕಂಬರಾಮಾಯಣ, ಮರಾಠಿಯ ಭಾವಾರ್ಥರಾಮಾಯಣ, ಬಂಗಾಳಿಯ ಕೃತ್ತಿವಾಸರಾಮಾಯಣ, ತೆಲುಗಿನ ರಂಗನಾಥರಾಮಾಯಣ, ಮಲೆಯಾಳದ ಅಧ್ಯಾತ್ಮರಾಮಾಯಣ, ಉರ್ದುವಿನಲ್ಲಿ ಚಕಬಸ್ತರ ಕೃತಿ. ಅವುಗಳ ನಡುವೆ ಕನ್ನಡದ ‘ರಾಮಚಂದ್ರಚರಿತಪುರಾಣ’! ಏಕನಾಥರ ಮರಾಠಿ, ಗೋನ ಬುದ್ಧಾರೆಡ್ಡಿಯ ತೆಲುಗು, ಲಖನೌದ ಚಕಬಸ್ತರ ಉರ್ದು, ನಾಗಚಂದ್ರನ ಕನ್ನಡ, ಹೀಗೆ ಬೀದರಿನ ಪೇಟೆಯಲ್ಲಿ ಕೇಳಿಬರುವ ನಾಲ್ಕು ಭಾಷೆಗಳೂ ಆ ಒಂದು ಪಟ್ಟಿಯಲ್ಲಿದ್ದುವು. “ಕನ್ನಡದ್ದು ಯಾರು ಬರೆದದ್ದು? ಅದರ ಕಥೆಯೂ ಇದೇ ಏನು?” ಎಂದು ಮಗುವು ಕೇಳಿದಳು. ನಾನು ಬಾಯಿ ತೆರೆದು ಮತ್ತೆ ಮುಚ್ಚಿದೆನು. ಏಕೆಂದರೆ ಅದರ ಕಥೆಯು ಇದಲ್ಲ.

ಅಭಿನವಪಂಪನೆಂದು ಹೆಸರಾದ ನಾಗಚಂದ್ರನು ಕ್ರಿ.ಶ. 1100ರ ಆಸುಪಾಸಿನ ಜೈನಕವಿ. ವಿಜಯಪುರದಲ್ಲಿ ಮಲ್ಲಿಜಿನಾಲಯವನ್ನು ಕಟ್ಟಿಸಿದವನು. ಮಲ್ಲಿನಾಥಪುರಾಣವನ್ನೂ, ಪಂಪರಾಮಾಯಣವೆಂದು ಪ್ರಸಿದ್ಧವಾದ ರಾಮಚಂದ್ರಚರಿತಪುರಾಣವನ್ನೂ ರಚಿಸಿದವನು. ನಮ್ಮ ಜಿಲ್ಲೆಯ ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿ ಮೆರೆದ ಕಾಲವದು. ಪ್ರಾಕೃತದಲ್ಲಿ ವಿಮಲಸೂರಿಯು ತೋರಿಸಿದ ಜೈನ ಸಂಪ್ರದಾಯವನ್ನು ಹಿಡಿದ ಈ ಕಾವ್ಯದಲ್ಲಿ ರಾವಣನಿಗೆ ಹತ್ತು ತಲೆಗಳಿಲ್ಲ. ಕೊರಳ ಹಾರದ ರತ್ನಗಳಲ್ಲಿ ಮುಖವು ಪ್ರತಿಬಿಂಬಿಸಿದುದರಿಂದ ದಶಮುಖನೆಂಬ ಹೆಸರು ಬಂದಿತು. ಹನುಮಂತನೂ ಸುಗ್ರೀವನೂ ಕೋತಿಗಳಲ್ಲ, ಕಪಿಧ್ವಜವನ್ನುಳ್ಳ ವಿದ್ಯಾಧರರು. ರಾವಣನು ಸಾಯುವುದು ಲಕ್ಷ್ಮಣನ ಕೈಯಿಂದ. ರಾವಣನೇ ಎಸೆದ ಚಕ್ರವು ಲಕ್ಷ್ಮಣನನ್ನು ಬಲಗೊಂಡು ಅವನ ಕೈವಶವಾಗಿ ತಿರುಗಿ ರಾವಣನನ್ನು ಕೊಲ್ಲುತ್ತದೆ. ರಾಮನು ಕೊಲ್ಲದವನಾಗಿ, ಕಡೆಯಲ್ಲಿ ತಪಸ್ಸಿನಿಂದ ಮುಕ್ತನಾಗುತ್ತಾನೆ.

ಇವು ಹೊರಗಿನ ಭೇದಗಳು. ಒಳಗಿನ ಭೇದವು ಇನ್ನೂ ದೊಡ್ಡದು. ತನ್ನನ್ನೊಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತವನ್ನು ತೊಟ್ಟ ರಾವಣನು ಸೀತೆಯಲ್ಲಿ ಮನಸೋತು ಆಕೆಯನ್ನು ಕದ್ದು ತರುತ್ತಾನೆ. ಯುದ್ಧವು ಬೆಳೆದ ಮೇಲೆ ಆಕೆಯ ಬಳಿಗೆ ಬಂದು ರಾಮನನ್ನು ಕೊಲ್ಲುವೆನೆಂದು ಹೆದರಿಸುತ್ತಾನೆ. ಸೀತೆಯು ಮೂರ್ಛೆ ಹೋಗುತ್ತಾಳೆ. ನೆಲಕ್ಕೊರಗಿದ ಆ ಸಾಧ್ವಿಯನ್ನು ಕಂಡ ಕ್ಷಣದಲ್ಲಿ ಅವನ ಮೋಹವು ಕರಗಿ, ತಾನು ಮಾಡಿದುದೇನೆಂಬ ಅರಿವು ಹುಟ್ಟುತ್ತದೆ. ಆಕೆಯನ್ನು ಹಿಂದಿರುಗಿಸಬೇಕೆಂದು ನಿಶ್ಚಯಿಸುತ್ತಾನೆ, ಆದರೆ ಈಗಲೇ ಒಪ್ಪಿಸಿದರೆ ಲೋಕವು ಹೇಡಿಯೆಂದೀತು, ರಾಮಲಕ್ಷ್ಮಣರನ್ನು ಸೆರೆಹಿಡಿದು ತಂದು ಆಮೇಲೆ ಒಪ್ಪಿಸುವೆನೆಂದು ಮತ್ತೆ ರಣಕ್ಕೆ ಹೋಗುತ್ತಾನೆ, ಹೋದವನು ಮರಳುವುದಿಲ್ಲ. ಪಶ್ಚಾತ್ತಾಪವು ಬಂದೂ ಅಭಿಮಾನವು ಬಿಡದುದರಿಂದ ಕೆಟ್ಟ ಈ ಮಹಾಪುರುಷನಲ್ಲಿ ಬಿ. ಎಂ. ಶ್ರೀಕಂಠಯ್ಯನವರು ದುರಂತನಾಯಕನನ್ನು ಕಂಡರು. ಕುವೆಂಪುರವರ ‘ಶ್ರೀ ರಾಮಾಯಣ ದರ್ಶನಂ’ 1949ರಲ್ಲಿ ಹೊರಬಂದಾಗ ಅದರ ರಾವಣನೂ ಹೃದಯಪರಿವರ್ತನೆಯ ದಾರಿಯಲ್ಲಿಯೇ ನಡೆದನು. ಪಾಪಿಯೊಳಗೂ ಮನುಷ್ಯನನ್ನು ಹುಡುಕುವುದು ಕನ್ನಡದ ರಾಮಕಥೆಯ ಒಂದು ದೊಡ್ಡ ಪರಂಪರೆಯೆಂದು ಧೈರ್ಯವಾಗಿ ಹೇಳಬಹುದು.

ಸಾಗರರ ಧಾರಾವಾಹಿಯಲ್ಲಿ ಈ ದೃಷ್ಟಿಗೆ ಎಡೆಯಿಲ್ಲ. ಅದರ ಜೀವಾಳವು ತುಳಸೀದಾಸರದು. ಅರವಿಂದ ತ್ರಿವೇದಿಯವರ ರಾವಣನು ಗರ್ಜಿಸಿ, ಅಟ್ಟಹಾಸಗೈದು, ರಾಮಬಾಣದಿಂದಲೇ ಮಡಿಯುತ್ತಾನೆ. ಅಗ್ನಿಪರೀಕ್ಷೆಯ ಪ್ರಸಂಗದಲ್ಲಿ ವಾಲ್ಮೀಕಿಯ ರಾಮನಾಡುವ ಕಠೋರ ವಾಕ್ಯಗಳನ್ನು ಮೃದುಗೊಳಿಸಲು, ಅಪಹೃತಳಾದವಳು ಛಾಯಾಸೀತೆಯೆಂಬ ಮಾನಸದ ಸಮಾಧಾನವೇ ಬಂದಿದೆ. ಇದು ತಪ್ಪೆಂದು ನಾನು ಹೇಳುವುದಿಲ್ಲ. ಒಬ್ಬ ಕಥೆಗಾರನು ಒಂಬತ್ತು ಗ್ರಂಥಗಳನ್ನು ಒಟ್ಟಿಗೆ ಹೇಳಲಾರನು. ತುಳಸಿಯ ಭಕ್ತಿಯು ಕೋಟ್ಯಂತರ ಜನರ ನಿಜವಾದ ಭಕ್ತಿ. ಆದರೆ ಹೇಳದ ಕಥೆಯ ಹೆಸರನ್ನು ಪಟ್ಟಿಯಲ್ಲಿ ಸೇರಿಸಿದರೆ ನೋಡುವವನು ಏನೆಂದು ತಿಳಿಯಬೇಕು? ಕನ್ನಡದ ರಾಮಾಯಣವೂ ಇದೇ ಎಂದು ತಿಳಿಯುತ್ತಾನೆ. ನಮ್ಮವರೇ ಆದ ಎ. ಕೆ. ರಾಮಾನುಜನ್ನರು 1991ರಲ್ಲಿ ಪ್ರಕಟವಾದ ‘ಮುನ್ನೂರು ರಾಮಾಯಣಗಳು’ ಎಂಬ ಪ್ರಬಂಧದಲ್ಲಿ ಜೈನರ ರಾವಣನನ್ನೂ, ಸೀನಿನಿಂದ ಸೀತೆ ಹುಟ್ಟಿದಳೆನ್ನುವ ಕನ್ನಡ ಜನಪದದ ಹಾಡನ್ನೂ ಜಗತ್ತಿಗೆ ಪರಿಚಯಿಸಿದರು. 2011ರಲ್ಲಿ ದಿಲ್ಲಿ ವಿಶ್ವವಿದ್ಯಾಲಯವು ಆ ಪ್ರಬಂಧವನ್ನು ಪಠ್ಯದಿಂದ ತೆಗೆದುಹಾಕಿತು. ಹೆಸರು ಉಳಿದು ಕಥೆ ಅಳಿಯುವುದು ತೆರೆಯ ಮೇಲೆ ಮಾತ್ರವಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಭಾಲ್ಕಿಯವರಿಗೆ ಇದನ್ನು ತಿಳಿಯಹೇಳಲು ದೂರದ ದೃಷ್ಟಾಂತವು ಬೇಡ. ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ಈ ಸೀಮೆಯ ಮಕ್ಕಳಿಗೂ ಗೊತ್ತು. ಇಲ್ಲಿ ಆದುದು ಅದರ ವಿಪರೀತ. ಹೊರಗಿನ ಫಲಕದಲ್ಲಿ ಕನ್ನಡದ ಹೆಸರಿದೆ; ಒಳಗೆ ಕನ್ನಡದ ಪಾಠವಿಲ್ಲ. ಫಲಕವನ್ನು ಕಂಡು ಸಂತೋಷಪಡುವ ಅಭ್ಯಾಸವು ನಮಗಾದರೆ ಒಳಗೆ ಏನು ನಡೆಯುತ್ತಿದೆಯೆಂದು ಕೇಳುವವರು ಇಲ್ಲವಾಗುವರು.

ಭಾಷಾಂತರದಿಂದ ಈ ಕೊರತೆಯು ತುಂಬೀತೆಂದು ಕೆಲವರು ಹೇಳಬಹುದು. ಪರಭಾಷೆಯ ಚಿತ್ರಗಳಿಗೂ ಧಾರಾವಾಹಿಗಳಿಗೂ ಕನ್ನಡದ ಧ್ವನಿಯನ್ನು ಕೂಡಿಸಬಾರದೆಂಬ ಕಟ್ಟು ನಮ್ಮಲ್ಲಿ ದಶಕಗಳ ಕಾಲ ನಡೆದಿದ್ದಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಆ ತಡೆಯು ನ್ಯಾಯವಲ್ಲವೆಂದು ತೀರ್ಪಿತ್ತಿತು. 2020ರಲ್ಲಿಯೇ ಹೊಸ ‘ಮಹಾಭಾರತ’ವೊಂದು ಹಿಂದಿಯಿಂದ ಕನ್ನಡದ ಧ್ವನಿ ಪಡೆದು ಸ್ಟಾರ್ ಸುವರ್ಣ ವಾಹಿನಿಯಲ್ಲಿ ಬಂದು ಜನಪ್ರಿಯವಾಯಿತು. ಅರ್ಥವಾಗದ ಭಾಷೆಯಲ್ಲಿ ಕೇಳುವುದಕ್ಕಿಂತ ತಾಯ್ನುಡಿಯಲ್ಲಿ ಕೇಳುವುದು ಲೇಸೆಂಬುದರಲ್ಲಿ ಸಂದೇಹವಿಲ್ಲ. ಆದರೆ ತುಟಿಗೆ ಕನ್ನಡವನ್ನು ಹೊಂದಿಸಿದ ಮಾತ್ರಕ್ಕೆ ಕಥೆಯು ಕನ್ನಡದ್ದಾಗುವುದಿಲ್ಲ. ನಾಗಚಂದ್ರನ ರಾವಣನನ್ನಾಗಲಿ, ತೊರವೆಯ ಕುಮಾರವಾಲ್ಮೀಕಿಯ ರಾಮನನ್ನಾಗಲಿ ಮನೆಯ ತೆರೆಯ ಮೇಲೆ ನಾನು ಈವರೆಗೆ ಕಂಡಿಲ್ಲ.

ಇದಕ್ಕೆ ದೂರದರ್ಶನವನ್ನೋ ದಿವಂಗತ ಸಾಗರರನ್ನೋ ದೂಷಿಸಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ಪ್ರಾಮಾಣಿಕವಲ್ಲ. ಪಂಜಾಬದ ಕಾರ್ಮಿಕರು ತಮ್ಮ ಋಷಿಗಾಗಿ ಕೇಳಿದರು. ನಾವು ನಮ್ಮ ಕವಿಗಾಗಿ ಕೇಳಲಿಲ್ಲ. ಕೇಳುವುದಕ್ಕೆ ಮೊದಲು ಅವನನ್ನು ಬಲ್ಲವರಾಗಿರಬೇಕಷ್ಟೆ. ನನ್ನ ಮಾತನ್ನೇ ಹೇಳುವುದಾದರೆ, ಪಾಠಶಾಲೆಯಲ್ಲಿ ವಾಲ್ಮೀಕಿಯನ್ನೂ ಕಾಳಿದಾಸನನ್ನೂ ಕಂಠಸ್ಥ ಮಾಡಿದ ನಾನು ನಾಗಚಂದ್ರನ ಆಯ್ದ ಪದ್ಯಗಳನ್ನು ಪರೀಕ್ಷೆಯ ಸಲುವಾಗಿ ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಅರ್ಥ ಹೇಳಿ ಬರೆಯಿಸಿದೆನು; ಆದರೆ ಆ ಕಾವ್ಯವನ್ನು ಮೊದಲಿನಿಂದ ಕೊನೆಯವರೆಗೆ ಓದಿರಲಿಲ್ಲ. ಮೊಮ್ಮಗಳ ಪ್ರಶ್ನೆಗೆ ನಾನು ಬಾಯಿ ಮುಚ್ಚಿದುದಕ್ಕೆ ಕಾರಣವು ಇದೇ. ಕಥೆಯು ಬೇರೆಯೆಂಬುದು ಗೊತ್ತಿದ್ದಿತು. ಹೇಳಲು ಕುಳಿತರೆ ಹತ್ತು ನಿಮಿಷಕ್ಕಾಗುವಷ್ಟು ಸಾಮಗ್ರಿಯೂ ನನ್ನಲ್ಲಿರಲಿಲ್ಲ.

ಆ ಬೇಸಗೆಯಲ್ಲಿ ಹೊರಗೆ ಹೋಗುವಂತಿರಲಿಲ್ಲವಾಗಿ ಗ್ರಂಥವನ್ನು ಕಪಾಟಿನಿಂದ ಇಳಿಸಿದೆನು. ರಾತ್ರಿಯ ಕಂತು ಮುಗಿದ ಮೇಲೆ ಅರ್ಧಗಂಟೆ ಓದಿ ಅರ್ಥ ಹೇಳುವುದೆಂದು ಮನೆಯಲ್ಲಿ ಗೊತ್ತುಮಾಡಿದೆವು. ಹಳಗನ್ನಡದಲ್ಲಿ ನಾನೇ ಅನೇಕ ಕಡೆ ಎಡವಿದೆನು. ಕೋಶವನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕಾಯಿತು. ರಾವಣನ ಮನಸ್ಸು ತಿರುಗುವ ಪ್ರಸಂಗಕ್ಕೆ ಬಂದ ದಿನ ಮಗುವು, “ಹಾಗಾದರೆ ಅವನು ಆಗಲೇ ಏಕೆ ಕಳಿಸಲಿಲ್ಲ?” ಎಂದು ಕೇಳಿದಳು. ಅವಳ ಅಜ್ಜಿಯು, “ಜನ ಏನಂದಾರೋ ಅಂತ” ಎಂದಳು. ನಾನು ಸಿದ್ಧಪಡಿಸಿಕೊಂಡಿದ್ದ ವ್ಯಾಖ್ಯಾನವನ್ನು ಹೇಳುವ ಅವಶ್ಯಕತೆಯೇ ಬೀಳಲಿಲ್ಲ.

ವಾಚಕ ಮಹಾಶಯರಲ್ಲಿ ನನ್ನ ಅರಿಕೆಯಿಷ್ಟೆ. ಹಳೆಯ ಧಾರಾವಾಹಿಯು ಇನ್ನೊಮ್ಮೆ ಬಂದೀತು, ಹೊಸತೂ ಬಂದೀತು. ನೋಡಿ ಸಂತೋಷಪಡುವುದರಲ್ಲಿ ದೋಷವಿಲ್ಲ. ಆರಂಭದ ಪಟ್ಟಿಯಲ್ಲಿ ನಮ್ಮ ಕವಿಯ ಹೆಸರು ಕಂಡಾಗ ಮಾತ್ರ ಅದನ್ನು ದಾಟಿ ಹೋಗದೆ, ಮನೆಯ ಮಕ್ಕಳಿಗೆ ಅವನ ಕಥೆಯನ್ನೂ ಹೇಳುವ ಸಿದ್ಧತೆಯನ್ನು ಮಾಡಿಕೊಂಡಿರೋಣ. ನಮ್ಮ ಜಿಲ್ಲೆಯ ಸಾಹಿತ್ಯ ಸಂಘವು ಚಳಿಗಾಲದ ದಿನಗಳಲ್ಲಿ ಬೀದರ, ಭಾಲ್ಕಿ, ಔರಾದಗಳಲ್ಲಿ ಪಂಪರಾಮಾಯಣದ ವಾಚನವನ್ನು ಏರ್ಪಡಿಸುವುದಾದರೆ, ಎಡವುತ್ತಲಾದರೂ ಓದಲು ನಾನು ಸಿದ್ಧನಿದ್ದೇನೆ.